ಮೋರಿಯಾಚೆಯವರು

ಸುಣ್ಣದ ಪುಡಿ ಒಣಗಿದ ಕೈಗೆ ಏನೂ ಮಾಡುವುದಿಲ್ಲ. ಬೆವರು ತಾಗಿದರೆ ಕಚ್ಚುತ್ತದೆ. ಬೆವರು ಬರದ ಕೆಲಸವನ್ನು ನನಗೆ ಇದುವರೆಗೆ ಯಾರೂ ಕೊಟ್ಟಿಲ್ಲ. ಹಾಗಾಗಿ ನನ್ನ ಬೆರಳ ತುದಿಗಳಲ್ಲಿ ಚರ್ಮ ನಿಲ್ಲುವುದಿಲ್ಲ.

ನಮ್ಮದು ಮೋರಿ ಬಳಿಯುವ ಕೆಲಸ. ಬೆಳಗಾದರೆ ಸಲಿಕೆ ಹಿಡಿದು ಇಳಿಯುತ್ತೇವೆ. ಮೊಣಕಾಲಿನವರೆಗೆ ರಾಡಿ. ಅದನ್ನು ಎತ್ತಿ ದಡಕ್ಕೆ ಹಾಕಬೇಕು, ದಡದಿಂದ ತಳ್ಳುಗಾಡಿಗೆ ತುಂಬಬೇಕು, ಗಾಡಿ ತಳ್ಳಬೇಕು, ಬಳಿದ ಜಾಗಕ್ಕೆ ಸುಣ್ಣ ಚೆಲ್ಲಬೇಕು. ಊರಿನ ಅಂಚಿನಲ್ಲಿ ಒಂದು ದೊಡ್ಡ ಮೋರಿ ಹರಿಯುತ್ತದೆ. ಈಚೆ ಊರು, ಆಚೆ ನಾವು. ನಮ್ಮ ಕೇರಿಗೆ ಬೇರೆ ಹೆಸರಿಲ್ಲ. ಆಚೆಯವರು ಅಂದರೆ ಸಾಕು, ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಾನೆ. ನಮ್ಮ ಮನೆಯೊಳಗೆ ಕೂತುಕೊಂಡು ನಾವೂ ನಮ್ಮನ್ನು ಆಚೆಯವರು ಅಂತಲೇ ಕರೆದುಕೊಳ್ಳುತ್ತೇವೆ.

ಊರಿಗೆ ಒಂದು ಸಭೆ ಇದೆ. ರಾಜಧಾನಿಯವರು ಕೊಟ್ಟದ್ದಲ್ಲ, ಊರವರೇ ಕಟ್ಟಿಕೊಂಡದ್ದು. ದೀಪದ ಕಂಬ ಎಲ್ಲಿ ನೆಡಬೇಕು, ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಶಾಲೆಯ ಸೋರುವ ಮಾಡಿಗೆ ಏನು ಮಾಡಬೇಕು, ಎಲ್ಲವನ್ನೂ ಹಳೇ ಗೋದಾಮಿನಲ್ಲಿ ಸೇರಿ ಕೈಯೆತ್ತಿ ತೀರ್ಮಾನಿಸುತ್ತಾರೆ. ಅಧ್ಯಕ್ಷರು ಮೇಷ್ಟ್ರು. ಶಾಲೆಯ ಕೆಲಸ ಮುಗಿದು ವರ್ಷಗಳಾದರೂ ನರೆತ ಗಂಡಸರನ್ನೂ ಹುಡುಗರಂತೆ ಮಾತಾಡಿಸುತ್ತಾರೆ. ಅವರೂ ಹುಡುಗರಂತೆಯೇ ಕೇಳುತ್ತಾರೆ.

ಆ ಸಭೆಗೆ ಒಂದು ಪದ್ಧತಿ ಇದೆ. ಸೇರಿದ ಜನರ ಸುತ್ತ ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಗೆರೆಯ ಎರಡು ತುದಿ ಸೇರಿದ ಕೂಡಲೇ ಮೇಷ್ಟ್ರು "ಗೆರೆ ಕೂಡಿತು" ಅನ್ನುತ್ತಾರೆ. ಆಮೇಲೆ ಕೈ ಎಣಿಸಿ ಮುಗಿಯುವತನಕ ಒಳಗಿದ್ದವರನ್ನು ಯಾರೂ ಹೊರಗೆ ಹಾಕುವಂತಿಲ್ಲ. ಹೊರಗಿದ್ದವರು ಒಳಗೆ ಬರುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹಿಂದೊಮ್ಮೆ ರಾಜಧಾನಿಯ ಕಡೆಯವರು ಸಭೆಗೆ ನುಗ್ಗಿ, ತಮಗಾಗದವರನ್ನು ರಟ್ಟೆ ಹಿಡಿದು ಹೊರಗೆಳೆದು, ಉಳಿದವರಿಂದ ಕೈಯೆತ್ತಿಸಿದ್ದರಂತೆ. ಅದಕ್ಕೇ ಈ ಗೆರೆ. ಇದರ ಬಗ್ಗೆ ಊರವರಿಗೆ ಬಹಳ ಹೆಮ್ಮೆ.

ಗೆರೆ ಎಳೆಯುವವಳು ನಾನು. ಸುಣ್ಣ ಮುಟ್ಟುವವರು ಊರಲ್ಲಿ ಬೇರೆ ಯಾರಿದ್ದಾರೆ? ತೂತಿನ ಡಬ್ಬಕ್ಕೆ ಪುಡಿ ತುಂಬಿಕೊಂಡು, ಸೊಂಟ ಬಗ್ಗಿಸಿ, ಡಬ್ಬ ಅಲ್ಲಾಡಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತೇನೆ. ಕಾಲು ಯಾವಾಗಲೂ ಗೆರೆಯ ಹೊರಗೆ. ಬಾಗಿಲ ಬಳಿ ತುದಿ ಸೇರಿಸಿ ಗೋಡೆಗೆ ಒರಗಿ ನಿಲ್ಲುತ್ತೇನೆ. ಕಲಿಸಿದವಳು ನನ್ನ ಅತ್ತೆ. ಅವಳಿಗೀಗ ಕಣ್ಣು ಮಸುಕು. ಸುಣ್ಣ ತಿಂದದ್ದು.

ಗೋಡೆಗೆ ಒರಗಿ ನಿಂತು ನಾನು ಬಹಳ ಭಾಷಣ ಕೇಳಿದ್ದೇನೆ. ನಮ್ಮ ಸೀಮೆ ರಾಜಧಾನಿಯಿಂದ ಬೇರೆಯಾಗಬೇಕು ಅನ್ನುವುದೇ ಎಲ್ಲದರ ತಿರುಳು. ನನಗೂ ಅದು ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ರಾಜಧಾನಿಯವರು ನಮ್ಮ ಊರಿನ ಮೇಲಿನ ಗುಡ್ಡಕ್ಕೆ ತಮ್ಮ ಕಸ ತಂದು ಸುರಿಯುತ್ತಿದ್ದರು. ಹಗಲೂ ರಾತ್ರಿ ಲಾರಿ. ಗುಡ್ಡದಿಂದ ಕಪ್ಪು ನೀರು ಇಳಿದು ಊರಿನ ಕೆರೆ ಸೇರಿತು. ಮಕ್ಕಳ ಮೈಮೇಲೆ ಹುಣ್ಣೆದ್ದವು. ಮೇಷ್ಟ್ರು ರಾಜಧಾನಿಗೆ ಹೋಗಿ ಕಚೇರಿ ಕಚೇರಿ ಅಲೆದು, ಬಾಗಿಲಲ್ಲಿ ಕಾದು, ಉಗುಳಿಸಿಕೊಂಡು ಬಂದರು. ಬಂದವರೇ ಗೋದಾಮಿನಲ್ಲಿ ಗುಡುಗಿದರು: "ನಮ್ಮ ನೀರು ಕುಡಿಯದವರು ನಮ್ಮ ನೀರಿನ ತೀರ್ಮಾನ ಮಾಡಬಾರದು! ಯಾರ ತಲೆ ಮೇಲೆ ಕಸ ಬೀಳುತ್ತೋ ಅವರನ್ನ ಕೇಳಬೇಕು!"

ಗೆರೆಯ ಹೊರಗೆ ನಿಂತೇ ನಾನು ಚಪ್ಪಾಳೆ ಹೊಡೆದೆ. ಕೈ ಉರಿಯಿತು.

ಲಾರಿ ತಡೆಯುವ ದಿನ ಬಂತು. ರಸ್ತೆಗೆ ಅಡ್ಡ ಮಲಗಬೇಕು. ಮೇಷ್ಟ್ರು ಖುದ್ದಾಗಿ ಮೋರಿ ದಾಟಿ ನಮ್ಮ ಕೇರಿಗೆ ಬಂದರು. "ನೀವೂ ಈ ಮಣ್ಣಿನ ಮಕ್ಕಳೇ ಕಣಪ್ಪಾ, ಬನ್ನಿ" ಅಂದರು. ಹೋದೆವು. ಮುಂದಿನ ಸಾಲು ನಮ್ಮದು. ನೆಲದಲ್ಲಿ ಮಲಗುವುದು ನಮಗೆ ಅಭ್ಯಾಸವಲ್ಲವೇ. ಮೊದಲ ಲಾರಿ ನಿಲ್ಲಲಿಲ್ಲ. ನನ್ನ ಗಂಡನ ಬಲಗಾಲಿನ ಮೇಲೆ ಹೋಯಿತು. ಆ ಕೂಗು ಕೇಳಿ ಹಿಂದಿನ ಲಾರಿಗಳು ನಿಂತವು, ವಾಪಸಾದವು, ಮತ್ತೆ ಬರಲಿಲ್ಲ. ಊರು ಗೆದ್ದಿತು. ಗುಡ್ಡದ ದಾರಿಗೆ ಕಲ್ಲು ಪೇರಿಸಿ ಮುಚ್ಚಿದರು. ಗಂಡನ ಕಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ನನ್ನ ಗಂಡ ತಮಾಷೆಯ ಮನುಷ್ಯ. ಊರುಗೋಲು ಹಿಡಿದು ಮನೆಗೆ ಬಂದವನೇ ತಾಯಿಗೆ ಹೇಳಿದ: "ಅವ್ವಾ, ಸೀಮೆ ಬೇರೆ ಆಗೋದು ಇನ್ನೂ ತಡ ಆಗಬಹುದು. ನನ್ನ ಕಾಲು ಮಾತ್ರ ಈಗಲೇ ಬೇರೆ ಆಯ್ತು ನೋಡು." ಅತ್ತೆ ಅವನ ತಲೆಗೆ ಮೊಟಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಗುಡ್ಡದ ದಾರಿ ಮುಚ್ಚಿದ ಮೇಲೆ ಇನ್ನೊಂದು ತಾಪತ್ರಯ ಶುರುವಾಯಿತು. ಊರಿನ ಕಸವೂ, ನಾವು ಬಳಿದ ರಾಡಿಯೂ ಅದೇ ಗುಡ್ಡಕ್ಕೆ ಹೋಗುತ್ತಿತ್ತು. ಇನ್ನು ಅದನ್ನು ಎಲ್ಲಿ ಹಾಕುವುದು? ಸಭೆ ಸೇರಿತು. ನಾನು ಗೆರೆ ಎಳೆದು ಹೊರಗೆ ನಿಂತೆ. ಮೇಷ್ಟ್ರು ಎದ್ದು ತಣ್ಣಗೆ ಹೇಳಿದರು: "ಮೋರಿ ಆಚೆ, ಕೇರಿಯ ಹಿಂದೆ ಖಾಲಿ ಜಾಗ ಇದೆ. ಅಲ್ಲೊಂದು ದೊಡ್ಡ ಗುಂಡಿ ತೋಡೋಣ."

ಆ ಖಾಲಿ ಜಾಗದಲ್ಲಿ ನಮ್ಮ ಬಾವಿ ಇದೆ. ನಮಗಿರುವುದು ಅದೊಂದೇ. ಊರಿನ ನಲ್ಲಿ ಮೋರಿ ದಾಟಿ ಬಂದಿಲ್ಲ.

"ಮೇಷ್ಟ್ರೇ, ಅಲ್ಲಿ ನಮ್ಮ ಬಾವಿ ಇದೆಯಲ್ಲ!" ಬಾಯಿಂದ ತಾನಾಗಿ ಬಂತು.

ಎಲ್ಲರೂ ತಿರುಗಿ ನೋಡಿದರು. ಅಂಗಡಿಯವನು ರೇಗಿದ: "ಗೆರೆ ಕೂಡಿದೆ, ಕಾಣಲ್ವಾ? ಹೊರಗಿದ್ದವರು ಬಾಯಿ ಮುಚ್ಕೊಂಡಿರಬೇಕು."

ಬಾಯಿ ಮುಚ್ಚಿದೆ. ನನ್ನ ಕಣ್ಣೆದುರೇ ಕೈಗಳು ಮೇಲೆದ್ದವು. ಗುಂಡಿ ಬೇಕೆಂದು ಆಯಿತು, ಕಡೇ ತೀರ್ಮಾನ ಮುಂದಿನ ಸಭೆಗೆ. ಅದೇ ಸಭೆಯಲ್ಲಿ ಸೀಮೆ ಬೇರೆಯಾಗಬೇಕೆಂಬ ನಿರ್ಣಯವೂ ಇತ್ತು. ಪ್ರತಿ ಊರಿನಿಂದಲೂ ಒಮ್ಮತ ಬರಬೇಕೆಂದು ಸೀಮೆಯ ಮುಖಂಡರು ಹೇಳಿ ಕಳಿಸಿದ್ದರು. ಒಂದೇ ಒಂದು ಕೈ ಕೆಳಗಿದ್ದರೂ ರಾಜಧಾನಿಯವರು ಅದನ್ನೇ ಹಿಡಿದುಕೊಂಡು ನಗುತ್ತಾರೆ ಎಂದು.

ಮರುದಿನ ಕೆಲಸ ಮುಗಿಸಿ, ಕೈಕಾಲು ತೊಳೆದು, ಮೇಷ್ಟ್ರ ಮನೆಗೆ ಹೋದೆ. ಅಂಗಳದಲ್ಲೇ ನಿಲ್ಲಿಸಿದರು. ಅವರು ಜಗಲಿಯ ಕುರ್ಚಿಯಲ್ಲಿದ್ದರು.

"ಏನಮ್ಮಾ, ನಿನ್ನೆ ಸಭೆಯಲ್ಲಿ ಹಾಗೆ ಕೂಗಬಹುದಾ?"

"ಬಾವಿ ಹೋದರೆ ನಾವು ಏನು ಕುಡೀಬೇಕು, ಮೇಷ್ಟ್ರೇ?"

"ಅದಕ್ಕೆ ಏನಾದ್ರೂ ವ್ಯವಸ್ಥೆ ಮಾಡೋಣ."

"ಏನು ವ್ಯವಸ್ಥೆ?"

"ಮಾಡೋಣ ಅಂದ್ನಲ್ಲ."

"ನಮ್ಮನ್ನೂ ಗೆರೆ ಒಳಗೆ ಸೇರಿಸ್ಕೊಳ್ಳಿ. ಮನೆಗೆ ಒಬ್ಬರು ಸಾಕು. ಗುಂಡಿ ನಮ್ಮ ಮನೆ ಹಿಂದೆ ತಾನೇ ಬರೋದು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಪಾಠ ಶುರುವಾಗುವುದಕ್ಕೆ ಅದು ಗುರುತು. "ನೋಡಮ್ಮಾ, ಈಗ ನಾವೆಲ್ಲ ಒಂದಾಗಿರಬೇಕಾದ ಹೊತ್ತು. ನಿನ್ನದು ಸಣ್ಣ ಕೇರಿ. ಪ್ರತಿಯೊಂದು ಕೇರಿನೂ ನನ್ನ ಕೇಳಿ, ನನ್ನ ಕೇಳಿ ಅಂತ ಎದ್ದು ನಿಂತ್ರೆ ಯಾವ ಕೆಲಸ ಆಗುತ್ತೆ? ಮೊದಲು ಸೀಮೆ ನಮ್ಮ ಕೈಗೆ ಬರಲಿ. ಆಮೇಲೆ ನಿಮ್ಮ ವಿಚಾರ."

"ರಾಜಧಾನಿಯವರು ನಿಮಗೆ ಏನಂದಿದ್ರು?"

"ಯಾವಾಗ?"

"ಕಸದ ವಿಚಾರಕ್ಕೆ ಹೋದಾಗ. ಬಂದು ಸಭೆಯಲ್ಲಿ ಹೇಳಿದ್ರಲ್ಲ, ನಾನು ಗೋಡೆ ಹತ್ರ ನಿಂತು ಕೇಳಿದೀನಿ. ನಿಮ್ಮದು ಸಣ್ಣ ಊರು, ಪ್ರತಿಯೊಂದು ಊರನ್ನೂ ಕೇಳ್ತಾ ಕೂತರೆ ದೇಶ ನಡೆಯುತ್ತಾ ಅಂದ್ರು ಅಂತ."

ಅವರ ಮುಖಕ್ಕೆ ರಕ್ತ ಏರಿತು. ಕುರ್ಚಿಯಿಂದ ಎದ್ದರು. "ಅದಕ್ಕೂ ಇದಕ್ಕೂ ಹೋಲಿಸ್ತೀಯಾ? ಬುದ್ಧಿ ಇದೆಯಾ ನಿಂಗೆ? ನಾನು ಹೋರಾಟ ಮಾಡಿದವನು!"

"ನನ್ನ ಗಂಡನ ಕಾಲು ಏನು ಮದುವೆ ಊಟಕ್ಕೆ ಹೋಗಿತ್ತಾ?"

"ಹೊರಡು" ಅಂದರು.

ಹೊರಟೆ. ದಾರಿಯುದ್ದಕ್ಕೂ ಬಿರಬಿರನೆ ನಡೆದೆ. ಭಯಕ್ಕಲ್ಲ. ಸಿಟ್ಟಿಗೆ.

ಮನೆಯಲ್ಲಿ ಎಲ್ಲ ಹೇಳಿದೆ. ಗಂಡ ಊರುಗೋಲಿನ ತುದಿಗೆ ರಬ್ಬರು ಬಿಗಿಯುತ್ತಿದ್ದ. ಅತ್ತೆ ಬಾಗಿಲಲ್ಲಿ ಕೂತು ಬಾವಿಯ ಕಡೆ ಮುಖ ಮಾಡಿದ್ದಳು. ಕಾಣಿಸದಿದ್ದರೂ ಅವಳು ಕೂರುವುದು ಆ ಕಡೆಗೇ. ಆ ಬಾವಿಯನ್ನು ತೋಡಿದವರು ಅವಳ ಗಂಡ ಮತ್ತು ಅವನ ಅಣ್ಣ. ಕಡೆಯ ಬುಟ್ಟಿ ಮಣ್ಣನ್ನು ಎತ್ತಿದವಳು ಬಸುರಿಯಾಗಿದ್ದ ಅವಳು.

"ಅತ್ತೇ, ಗೆರೆಯನ್ನ ಹೊರಗೇ ನಿಂತು ಎಳೀಬೇಕು ಅಂತ ನಿಂಗೆ ಯಾರು ಹೇಳಿದ್ರು?"

ಅತ್ತೆ ಬಾವಿಯ ಕಡೆಯಿಂದ ಮುಖ ತಿರುಗಿಸಿದಳು. "ಯಾರೂ ಹೇಳಲಿಲ್ಲ ಕಣೇ."

"ಮತ್ತೆ?"

"ನಾನೇ ಹಾಗೆ ನಿಂತ್ಕೊಂಡೆ. ಹೆದರಿಕೆಗೆ."

ಸಭೆಯ ದಿನ ಗೋದಾಮು ತುಂಬಿತ್ತು. ಒಗೆದ ಬಟ್ಟೆ, ಬಾಚಿದ ತಲೆ, ದೊಡ್ಡ ದಿನದ ಗೆಲುವು. ನನ್ನ ಗಂಡ ಬಾಗಿಲ ಹೊರಗೆ ಊರುಗೋಲು ಊರಿ ನಿಂತಿದ್ದ. ನಾನು ಡಬ್ಬ ತುಂಬಿಕೊಂಡು ಬಗ್ಗಿದೆ. ಬಾಗಿಲ ಬಳಿ ಶುರು ಮಾಡಿದೆ. ಮೊದಲ ಗೋಡೆಯುದ್ದಕ್ಕೂ ಎಂದಿನಂತೆ ನಡೆದೆ. ಮೂಲೆ ತಿರುಗುವಾಗ ಕಾಲೆತ್ತಿ ಗೆರೆಯ ಒಳಗೆ ಇಟ್ಟೆ.

ಯಾರೂ ನೋಡಲಿಲ್ಲ. ಬಗ್ಗಿ ಕೆಲಸ ಮಾಡುವವರನ್ನು ಯಾರೂ ನೋಡುವುದಿಲ್ಲ. ಜನರ ಕಾಲುಗಳ ಬದಿಯಲ್ಲೇ ಹಿಂದಕ್ಕೆ ನಡೆದೆ. ಒಬ್ಬ ಪಂಚೆ ಎತ್ತಿಕೊಂಡ, ಒಬ್ಬಳು ಸೀರೆ ಸರಿಸಿಕೊಂಡಳು. ಬಾಗಿಲ ಬಳಿ ಬಂದೆ. ತುದಿ ಸೇರಿಸಿದೆ. ಮೇಷ್ಟ್ರು ಕೈಯಲ್ಲಿದ್ದ ಭಾಷಣದಿಂದ ತಲೆಯೆತ್ತದೆ, ಎಂದಿನ ಅಭ್ಯಾಸಬಲದಿಂದ ಹೇಳಿಬಿಟ್ಟರು: "ಗೆರೆ ಕೂಡಿತು."

ನಾನು ಸೊಂಟ ನೆಟ್ಟಗೆ ಮಾಡಿದೆ. ಮೂಳೆ ಲಟಲಟ ಅಂದಿತು.

ಮೊದಲು ನೋಡಿದವನು ಅಂಗಡಿಯವನು. "ಏಯ್! ಇವಳು ಒಳಗಿದ್ದಾಳೆ!"

ಗದ್ದಲ ಎದ್ದಿತು. ಆಚೆ ಹೋಗು ಅಂದರು. ತಪ್ಪಿ ಒಳಗುಳಿದಿರಬೇಕು, ಪಾಪ, ದಾಟಿಸಿಬಿಡಿ ಎಂದಿತು ಒಂದು ದನಿ. ನಾನು ಡಬ್ಬವನ್ನು ಎದೆಗೆ ಅವಚಿ ಹಿಡಿದು ಹೇಳಿದೆ: "ತಪ್ಪಿ ಅಲ್ಲ. ಬೇಕಂತಲೇ ನಿಂತಿದ್ದೀನಿ. ಗೆರೆ ಕೂಡಿದ ಮೇಲೆ ಒಳಗಿದ್ದವರನ್ನ ಹೊರಗೆ ಹಾಕೋ ಹಾಗಿಲ್ಲ. ನಿಮ್ಮದೇ ಪದ್ಧತಿ."

ಮೇಷ್ಟ್ರು ಆಗಷ್ಟೇ ಭಾಷಣದಿಂದ ತಲೆಯೆತ್ತಿದರು. ಊರಿನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅಲ್ಲಿದ್ದಳು, ಎಲ್ಲರೂ ಹೊಲಿಗೆಯಮ್ಮ ಅನ್ನುತ್ತಾರೆ. ಅವಳು ಮೆಲ್ಲಗೆ ಹೇಳಿದಳು: "ಅವಳು ಹೇಳೋದು ಸರಿಯಾಗೇ ಇದೆಯಲ್ಲ. ಪದ್ಧತಿ ಅಂದ್ಮೇಲೆ ಪದ್ಧತಿ. ಒಂದು ಕೈ ತಾನೇ?"

"ಇವತ್ತು ಒಂದು ಕೈ. ನಾಳೆ ಇಡೀ ಕೇರಿ ಬಂದು ನಿಲ್ಲುತ್ತೆ, ಆಗ?" ಅಂಗಡಿಯವನು ಅಂದ.

"ನಿಲ್ಲಲಿ. ನಿಮ್ಮ ಮನೆ ಹೊಲಸು ಎತ್ತೋಕೆ ಇಡೀ ಕೇರಿ ಬರಲ್ವಾ?" ನಾನು ಅಂದೆ.

ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ದನಿಯನ್ನು ಬೆಣ್ಣೆ ಮಾಡಿಕೊಂಡರು. "ಆಯ್ತಮ್ಮಾ. ನಿಂತ್ಕೋ. ಸೀಮೆ ಬೇರೆ ಆಗಬೇಕು ಅನ್ನೋ ನಿರ್ಣಯಕ್ಕೆ ಎಲ್ಲರ ಜೊತೆ ನೀನೂ ಕೈಯೆತ್ತು. ಗುಂಡಿ ವಿಚಾರಕ್ಕೆ ಮಾತ್ರ ಹೊರಗಿರು. ಆಗಬಹುದಾ?"

"ಗುಂಡಿ ಬೇಡ ಅನ್ನಿ. ಎರಡೂ ಕೈಯೆತ್ತುತ್ತೀನಿ."

"ಇದು ಬೆದರಿಕೆ!"

"ನಮ್ಮ ನೀರು ಕುಡಿಯದವರು ನಮ್ಮ ನೀರಿನ ತೀರ್ಮಾನ ಮಾಡಬಾರದು. ಈ ಮಾತು ಹೇಳಿದ್ದು ಯಾರು, ಮೇಷ್ಟ್ರೇ? ಚಪ್ಪಾಳೆ ಹೊಡೆದಿದ್ದೆ ನಾನು. ಮೋರಿಯ ಈ ಕಡೆ ಮಾತ್ರ ಅಂತ ಆವತ್ತೇ ಹೇಳಬಾರದಿತ್ತಾ? ನಿಮಗೆ ರಾಜಧಾನಿ ಎಷ್ಟು ದೂರವೋ ನಮಗೆ ಈ ಗೋದಾಮು ಅಷ್ಟೇ ದೂರ. ನಿಮಗಾದ್ರೂ ಅಲ್ಲಿ ಬಾಗಿಲ ತನಕ ಹೋಗಿ ಕಾಯೋಕೆ ಬಿಟ್ರು."

ಒಂದು ಕ್ಷಣ, ಒಂದೇ ಒಂದು ಕ್ಷಣ, ಇವರು ಒಪ್ಪಿಕೊಳ್ಳುತ್ತಾರೆ ಅಂದುಕೊಂಡೆ.

ಅಂಗಡಿಯವನು ಹೊರಗೆ ಹೋದ. ಪೊರಕೆ ತಂದ. ಹಿಂದೆಯೇ ಇನ್ನಿಬ್ಬರು ನೀರಿನ ಬಿಂದಿಗೆ ತಂದರು. ಹುಟ್ಟಿದಾಗಿನಿಂದ ಪೊರಕೆ ಮುಟ್ಟದ ಗಂಡಸರು ಗೋದಾಮಿನ ನೆಲಕ್ಕೆ ನೀರು ಸುರಿದು ಬರಬರ ಉಜ್ಜಿದರು. ಬಾಗಿಲ ಬಳಿಯ ಗೆರೆ ಹಾಲಿನಂತೆ ಹರಿದು ಅವರ ಕಾಲಿಗೇ ಬಂತು. "ಈಗ ಗೆರೆ ಇಲ್ಲ. ಈಗ ಎಳೀರಿ ಹೊರಗೆ" ಅಂದ ಅವನು.

ರಟ್ಟೆ ಹಿಡಿದು ಎಳೆದರು. ಡಬ್ಬ ಬಿತ್ತು. ಬಾಗಿಲ ಮೆಟ್ಟಿಲಲ್ಲಿ ಮೊಣಕೈ ಚರ್ಮ ಕಿತ್ತುಹೋಯಿತು. ಗಂಡ ಮುಂದೆ ಬಂದ. ಯಾರೋ ಊರುಗೋಲಿಗೆ ಒದ್ದರು. ಅವನು ನನ್ನ ಪಕ್ಕದಲ್ಲೇ ಬಿದ್ದ. ಒಳಗೆ ಮೇಷ್ಟ್ರು ಯಾರನ್ನೂ ತಡೆಯಲಿಲ್ಲ. ಯಾರನ್ನೂ ಬೈಯಲೂ ಇಲ್ಲ. ಭಾಷಣದ ಹಾಳೆಯಲ್ಲಿ ತಾವು ಬಿಟ್ಟ ಸಾಲನ್ನು ಹುಡುಕುತ್ತಿದ್ದರು.

ಹೊಸ ಗೆರೆ ಎಳೆಯಲು ಕೈ ಇರಲಿಲ್ಲ. ಚೆಲ್ಲಿದ ಸುಣ್ಣವನ್ನು ಯಾರೂ ಮುಟ್ಟಲಿಲ್ಲ. ಗೆರೆಯಿಲ್ಲದೆಯೇ ಕೈಯೆತ್ತಿದರು. ಹೊಲಿಗೆಯಮ್ಮನೂ ಎತ್ತಿದಳು, ಎರಡಕ್ಕೂ. ಬಾಗಿಲಲ್ಲಿ ಬಿದ್ದಲ್ಲಿಂದ ನನಗೆ ಕಾಣುತ್ತಿತ್ತು. ಸೀಮೆ ಬೇರೆಯಾಗಬೇಕು, ಒಮ್ಮತ. ಗುಂಡಿ ಆಚೆ ಬರಬೇಕು, ಒಮ್ಮತ. ಜೈಕಾರ ಹಾಕಿದರು.

ಗುಂಡಿ ತೋಡಲು ನಮ್ಮನ್ನೇ ಕರೆದರು. ನಾಚಿಕೆಗೆಟ್ಟವರು. ಕೇರಿಯಲ್ಲಿ ಒಬ್ಬರೂ ಸಲಿಕೆ ಎತ್ತಲಿಲ್ಲ. ಆಗ ಸಭೆಯವರು ಮಣ್ಣು ಅಗೆಯುವ ಯಂತ್ರ ತರಿಸಿದರು. ಅದರ ಜೊತೆ ಪೊಲೀಸರು ಬಂದರು. ಎಲ್ಲಿಂದ ಬಂದರು? ರಾಜಧಾನಿಯಿಂದ. ಯಾರ ಕಚೇರಿಯ ಬಾಗಿಲಲ್ಲಿ ಉಗುಳಿಸಿಕೊಂಡಿದ್ದರೋ ಅದೇ ಕಚೇರಿಗೆ ಮೇಷ್ಟ್ರು ಬರೆದು ಕೇಳಿಕೊಂಡಿದ್ದರು. ನಮ್ಮನ್ನು ತುಳಿಯುವ ಕೆಲಸಕ್ಕೆ ಅವರಿಬ್ಬರೂ ಬೇರೆ ಬೇರೆಯಾಗಿರಲಿಲ್ಲ. ಯಂತ್ರ ನಮ್ಮ ಬಾವಿಯ ಕಟ್ಟೆಗೆ ಒತ್ತಿಕೊಂಡೇ ಮಣ್ಣು ಬಗೆಯಿತು. ಕಟ್ಟೆಯ ಕಲ್ಲೊಂದು ಉರುಳಿ ನೀರಿಗೆ ಬಿದ್ದ ಸದ್ದಿಗೆ ಅತ್ತೆ "ಯಾರು ಬಿದ್ರು, ಯಾರು ಬಿದ್ರು?" ಎಂದು ಕೂಗುತ್ತ ಗೋಡೆ ತಡವಿಕೊಂಡು ಓಡಿಬಂದಳು.

ಆವತ್ತಿನಿಂದ ನಾವು ಊರಿನ ಮೋರಿಗೆ ಇಳಿಯಲಿಲ್ಲ. ಒಲೆಗೆ ಕಷ್ಟವಾಯಿತು. ಗಂಡ ಅಂದ: "ನಂಗೆ ಕಾಲು ಒಂದು ಕಮ್ಮಿ, ಅನ್ನ ಅರ್ಧ ಸಾಕು." ಈ ಸಲ ಅತ್ತೆ ಮೊಟಕಲಿಲ್ಲ. ನನ್ನ ಮೈದುನ ಒಂದು ಬೆಳಿಗ್ಗೆ ಸಲಿಕೆ ಹಿಡಿದು ಬಾಗಿಲಲ್ಲಿ ನಿಂತ. ಹೋಗಬೇಡ ಅಂತ ನಾನು ಹೇಳಲಿಲ್ಲ. ಅವನ ಹೊಟ್ಟೆ ಅವನದು. ತುಸು ಹೊತ್ತು ನಿಂತು ಸಲಿಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಮಲಗಿದ. ಊರಲ್ಲಿ ಮೋರಿ ಕಟ್ಟಿತು. ರಾಡಿ ಬೀದಿಗೆ ಏರಿತು. ಮೂಗು ಮುಚ್ಚಿಕೊಂಡು ಎಷ್ಟು ದಿನ ಇರುತ್ತಾರೆ? ಗುಂಡಿ ಇದೆ. ಹೊತ್ತು ತಂದು ಹಾಕುವ ತಲೆ ಇಲ್ಲ.

ಕಡೆಗೆ ಒಂದು ಬೆಳಿಗ್ಗೆ ತಾವೇ ಹೊತ್ತು ಬಂದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕೈ ದೂರ ಚಾಚಿ ಬಕೆಟ್ ಹಿಡಿದು, ಸಾಲಾಗಿ ಮೋರಿಯ ಹಲಗೆ ದಾಟಿದರು. ಎಲ್ಲರ ಮುಂದೆ ಮೇಷ್ಟ್ರು. ಅವರ ಹಿಂದೆ ಅಂಗಡಿಯವನು. ಸಾಲಿನ ನಡುವೆ ಹೊಲಿಗೆಯಮ್ಮ, ಮುಖ ನೆಲಕ್ಕೆ.

ನಾನು ಹೋಗಿ ಗುಂಡಿಯ ಅಂಚಿನಲ್ಲಿ, ಬಾವಿಗೆ ಬೆನ್ನು ಕೊಟ್ಟು ನಿಂತೆ.

"ಸರಿ ಅತ್ತ" ಅಂದರು ಮೇಷ್ಟ್ರು. ಬಟ್ಟೆಯೊಳಗಿಂದ ದನಿ ಸಣ್ಣಗೆ ಬಂತು. ಬಕೆಟ್ಟನ್ನು ಕೈಯಿಂದ ಕೈಗೆ ಬದಲಿಸಿದರು. ಭಾರ ಹೊತ್ತ ಅಭ್ಯಾಸವಿಲ್ಲ.

"ನಮ್ಮ ಕೇರಿನ ಕೇಳಿ ಹಾಕಿ."

"ಇದು ಸಭೆ ತೀರ್ಮಾನ."

"ನಮ್ಮ ತೀರ್ಮಾನ ಅಲ್ಲ."

"ನೀವ್ಯಾರೇ ತೀರ್ಮಾನ ಮಾಡೋಕೆ?"

"ಈ ನೀರು ಕುಡಿಯೋರು."

ಅವರು ನನ್ನನ್ನು ನೋಡಿದರು. ಹಿಂದೆ ಸಾಲು ಒತ್ತುತ್ತಿತ್ತು. "ಬೇಗ ಹಾಕಿ ಮೇಷ್ಟ್ರೇ, ವಾಸನೆ ತಡೆಯೋಕಾಗಲ್ಲ" ಎಂದು ಒಬ್ಬ ಕೂಗಿದ. ಮೇಷ್ಟ್ರು ಬಕೆಟ್ ಎತ್ತಿ ಎರಚಿದರು.

ಎದೆಯಿಂದ ಕೆಳಗೆ ಪೂರ್ತಿ ಬಿತ್ತು. ಬೆಚ್ಚಗಿತ್ತು. ಅವರ ಮನೆಯ ಹೊಲಸು. ಸೀರೆಯಿಂದ ಇಳಿದು ಪಾದದ ಬೆರಳ ಸಂದಿಗೆ ಬಂತು. ಗುಂಡಿಗೆ ಒಂದು ಹನಿಯೂ ಬೀಳಲಿಲ್ಲ. ಕಿತ್ತುಹೋಗಿ ಇನ್ನೂ ಮಾಯದ ಮೊಣಕೈ ಉರಿಯಿತು. ನಾನು ಒರೆಸಿಕೊಳ್ಳಲಿಲ್ಲ. ಹಿಂದೆ ಟಕ್ ಟಕ್ ಎಂದು ಊರುಗೋಲಿನ ಸದ್ದು ಬಂತು. ಗಂಡ ಬಂದು ಬಲಕ್ಕೆ ನಿಂತ. ಮೈದುನ ಅತ್ತೆಯ ಕೈಹಿಡಿದು ತಂದು ಎಡಕ್ಕೆ ನಿಲ್ಲಿಸಿದ. ಕೇರಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುವುದು ಕೇಳಿಸಿತು.

ಮೇಷ್ಟ್ರು ಖಾಲಿ ಬಕೆಟ್ ಹಿಡಿದು ನಿಂತೇ ಇದ್ದರು. ಅವರ ಹೆಗಲಾಚೆ ಅಂಗಡಿಯವನ ಮುಖ ಕಂಡಿತು.

"ಮುಂದಿನವರು ಬನ್ನಿ" ಅಂದೆ.